ಮರದ ಪೆಟ್ಟಿಗೆಯ ಬೌಮನ್‌ಗೆ ಮತ್ತೆ ಬೆಂಕಿ ಹಚ್ಚುವ ಮುಂಚೆ

ಪ್ರಶ್ನೆ: ನಾವು ಇಂಗ್ಲೆಂಡ್‌ನ ಲೆಸ್ಟರ್‌ನಲ್ಲಿದ್ದೇವೆ. ಪಕ್ಕದ ಮನೆಯ ಅಜ್ಜ ತೀರಿಕೊಂಡ ಮೇಲೆ ಅವರ ಮಗಳು ನನ್ನ ಮಗನಿಗೆ ಒಂದು ಮರದ ಪೆಟ್ಟಿಗೆ ಕೊಟ್ಟರು. ಒಳಗೆ ಬೌಮನ್ ಕಂಪನಿಯ ಹಳೇ ಆಟಿಕೆ ಉಗಿ ರೈಲು ಎಂಜಿನ್ ಇದೆ. ಚಕ್ರ ತಿರುಗುತ್ತಿಲ್ಲ, ಬಣ್ಣ ಅಲ್ಲಲ್ಲಿ ಎದ್ದಿದೆ. ಹೊಸ ಬಣ್ಣ ಹೊಡೆಸಿ ಓಡಿಸಬಹುದಾ? ಇಲ್ಲಾ ಶೋಕೇಸ್‌ನಲ್ಲಿ ಇಡೋದೇ ಸರೀನಾ?

ಉತ್ತರ: ಓಡಿಸಿ. ಆದರೆ ಈ ತಿಂಗಳು ಬೇಡ, ಬಣ್ಣವಂತೂ ಬೇಡವೇ ಬೇಡ.

ಬೌಮನ್ ಎಂಜಿನ್‌ಗಳು ನಾರ್ಫೋಕ್‌ನ ಡೀರೆಮ್ ಊರಿನಲ್ಲಿ ತಯಾರಾದವು. 1920ರ ದಶಕದಲ್ಲಿ ಶುರುವಾಗಿ 1930ರ ದಶಕದಲ್ಲೇ ನಿಂತುಹೋದವು. ಹಳಿಯ ಅಗಲ 32 ಮಿ.ಮೀ. ಅಷ್ಟೇ, ಮೈ ಮಾತ್ರ ಆ ಹಳಿಗೆ ಮೀರಿದ ದಪ್ಪ. ಕೆಲವರು ಇದನ್ನು ಕುಂದು ಅಂತಾರೆ. ನನಗೆ ಅದೇ ಇಷ್ಟ. ಚಿಕ್ಕ ಬಾಯ್ಲರ್ ಬೇಗ ತಣ್ಣಗಾಗುತ್ತದೆ. ದೊಡ್ಡದು ಜಾಸ್ತಿ ನೀರು ಹಿಡಿಯುತ್ತದೆ, ಶಾಖವನ್ನೂ ಉಳಿಸಿಕೊಳ್ಳುತ್ತದೆ. ಹಾಗಾಗಿ ತುಂಬ ಹೊತ್ತು ಓಡುತ್ತದೆ.

ಎಂಜಿನ್ ತಿರುಗಿಸಿ ಹೊಟ್ಟೆ ಭಾಗ ನೋಡಿ. ಸ್ಪಿರಿಟ್ ಉರಿಯುವ ಬರ್ನರ್ ಹತ್ತಿರ ಬಣ್ಣ ಸುಟ್ಟು ಕಪ್ಪಾಗಿದೆಯಾ? ಆಗಿದ್ದರೆ ಆ ಅಜ್ಜ, ಅಥವಾ ಅವರಿಗಿಂತ ಮುಂಚೆ ಯಾರೋ, ಅದನ್ನು ನಿಜವಾಗಿ ಓಡಿಸಿದ್ದಾರೆ. ಆ ಗುರುತನ್ನು ಬಣ್ಣದ ಕೆಳಗೆ ಮುಚ್ಚಬೇಡಿ. ಮೆತ್ತನೆ ಬಟ್ಟೆಗೆ ಒಂದು ಹನಿ ಎಣ್ಣೆ ಹಾಕಿ ಒರೆಸಿ, ಅಷ್ಟು ಸಾಕು.

ಚಕ್ರ ತಿರುಗದಿರೋದಕ್ಕೆ ಗಾಬರಿ ಬೇಡ. ಸಾಮಾನ್ಯವಾಗಿ ಹಳೇ ಎಣ್ಣೆ ಅಂಟಾಗಿ ಕೂತಿರುತ್ತದೆ. ಕೈಯಲ್ಲಿ ಒತ್ತಿ ತಿರುಗಿಸಬೇಡಿ. ಅಚ್ಚಿಗೆ, ಪಿಸ್ಟನ್ ಕಡ್ಡಿಗೆ, ಸಿಲಿಂಡರ್ ತೂಗಾಡುವ ಜಾಗಕ್ಕೆ ತೆಳು ಎಣ್ಣೆ ಬಿಟ್ಟು ದಿನಕ್ಕೊಮ್ಮೆ ಸುಮ್ನೆ ಅಲುಗಾಡಿಸಿ ನೋಡಿ. ನನ್ನದೊಂದು ಎಂಜಿನ್‌ನ ಅಂಟು ಬಿಡಲು ಹನ್ನೊಂದು ದಿನ ಹಿಡಿಯಿತು.

ಬರ್ನರ್‌ನ ಬತ್ತಿಯನ್ನು ಮಾತ್ರ ಕೀಳಬೇಡಿ. ಆ ಕಾಲದ ಬತ್ತಿಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರೋದು ಮಾಮೂಲು. ಅದರ ಧೂಳು ಶ್ವಾಸಕೋಶಕ್ಕೆ ಹೋಗಬಾರದು, ಅದರಲ್ಲೂ ಮಗುವಿನ ಶ್ವಾಸಕೋಶಕ್ಕೆ. ಬರ್ನರನ್ನು ಹಾಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹೇಗೆ ವಿಲೇವಾರಿ ಮಾಡಬೇಕು ಅಂತ ನಿಮ್ಮ ಕೌನ್ಸಿಲ್‌ನವರನ್ನು ಕೇಳಿ. ಹೊಸ ಬರ್ನರ್‌ಗೆ ಗಾಜಿನ ನಾರಿನ ಬತ್ತಿ ಹಾಕಿಸಿ.

ಇನ್ನು ಬಾಯ್ಲರ್. ಇಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಕಾರಣ ಇದೆ. ಇಂಗ್ಲೆಂಡ್‌ಗೆ ಬಂದ ಹೊಸತರಲ್ಲಿ ನಾನೊಂದು ಹಳೇ ಆಟಿಕೆ ಟ್ಯಾಂಕ್ ಎಂಜಿನ್ (ನೀರಿನ ತೊಟ್ಟಿ ಮೈಮೇಲೇ ಇರುವ ರೈಲು ಎಂಜಿನ್) ಕೊಂಡಿದ್ದೆ. ಅಪ್ಪ ಹುಬ್ಬಳ್ಳಿಯ ಲೋಕೋ ಶೆಡ್‌ನಲ್ಲಿ ಫೈರ್‌ಮನ್ ಆಗಿದ್ದವರು. ಬಿಸಿ ಎಣ್ಣೆ, ಉಗಿ ಸೇರಿದ ಆ ವಾಸನೆ ಮತ್ತೆ ಬೇಕು ಅನ್ನಿಸಿತ್ತು. ಅವಸರದಲ್ಲಿ ನೀರು ಅಳೆಯಲಿಲ್ಲ, ಸ್ಪಿರಿಟ್ ಮಾತ್ರ ತುಂಬಿಸಿದೆ. ನೀರು ಮುಗಿದ ಮೇಲೂ ಬೆಂಕಿ ಉರಿಯುತ್ತಲೇ ಇತ್ತು. ಬಾಯ್ಲರ್ ಹಿಂಭಾಗದ ಬೆಸುಗೆ ಮೇಣದ ಹಾಗೆ ಕರಗಿ ಹಳಿಯ ಮೇಲೆ ತೊಟ್ಟಿಕ್ಕಿತು. ಅರವತ್ತು ವರ್ಷ ಬಾಳಿದ ಎಂಜಿನ್ ನನ್ನ ಕೈಯಲ್ಲಿ ಒಂದೇ ಮಧ್ಯಾಹ್ನಕ್ಕೆ ಕೆಟ್ಟಿತು. ಆ ನೋವು ಇನ್ನೂ ಹೋಗಿಲ್ಲ.

ಲೆಕ್ಕ ಸುಲಭ. ನಿಮ್ಮ ಅಡುಗೆಮನೆಯ ಕುಕ್ಕರ್ ಸುಮಾರು 15 ಪೌಂಡ್ ಒತ್ತಡದಲ್ಲಿ ವಿಜಿಲ್ ಹಾಕುತ್ತದೆ. ಒಳಗಿನ ಶಾಖ ಆಗ ಸುಮಾರು 121 ಡಿಗ್ರಿ. ತವರ ಮತ್ತು ಸೀಸದ ಬೆಸುಗೆ ಕರಗಲು ಶುರುವಾಗೋದು 183 ಡಿಗ್ರಿಯಲ್ಲಿ. ನೀರು ಇರುವವರೆಗೆ ಇಂಥ ಚಿಕ್ಕ ಬಾಯ್ಲರ್ ಅಷ್ಟು ಬಿಸಿಯಾಗೋದಿಲ್ಲ. ನೀರು ಮುಗಿದರೆ ಕೆಲವೇ ನಿಮಿಷ ಸಾಕು. ಅದಕ್ಕೇ ಯಾವಾಗಲೂ ನೀರಿಗಿಂತ ಮುಂಚೆ ಸ್ಪಿರಿಟ್ ಮುಗಿಯಬೇಕು. ಎರಡನ್ನೂ ಅಳೆದು ಹಾಕಿ. ಓಡಿಸಿ, ಆರಿದ ಮೇಲೆ ಉಳಿದ ನೀರನ್ನು ಅಳೆದು ಬರೆದಿಡಿ. ಏನೂ ಉಳಿದಿಲ್ಲವಾ? ಮುಂದಿನ ಸಲ ಸ್ಪಿರಿಟ್ ಕಡಿಮೆ ಮಾಡಿ.

ಅದಕ್ಕೂ ಮುಂಚೆ ಬಾಯ್ಲರನ್ನು ತಣ್ಣೀರಿನಲ್ಲಿ ಪರೀಕ್ಷೆ ಮಾಡಿಸಿ. ಒಳಗೆ ಗಾಳಿ ಇರದ ಹಾಗೆ ನೀರು ತುಂಬಿ, ಕೈಪಂಪಿನಿಂದ ಒತ್ತಡ ಏರಿಸುತ್ತಾರೆ. ಹಳೇ ಬಾಯ್ಲರ್‌ಗೆ ಸಾಮಾನ್ಯವಾಗಿ ಓಡುವಾಗಿನ ಒತ್ತಡದ ಒಂದೂವರೆ ಪಟ್ಟು. ಗಾಳಿ ತುಂಬಿ ಈ ಪರೀಕ್ಷೆ ಮಾಡಬೇಡಿ. ನೀರು ತುಂಬಿದ ಬಾಯ್ಲರ್ ಬಿರುಕು ಬಿಟ್ಟರೆ ಬರೀ ಸೋರುತ್ತದೆ, ಗಾಳಿ ತುಂಬಿದ್ದು ಸಿಡಿಯುತ್ತದೆ. ನಿಮ್ಮ ಸುತ್ತಮುತ್ತಲಿನ ಮಾಡೆಲ್ ಎಂಜಿನಿಯರಿಂಗ್ ಕ್ಲಬ್‌ಗಳಲ್ಲಿ ಬಾಯ್ಲರ್ ಪರೀಕ್ಷಕರು ಇರುತ್ತಾರೆ. ಮಗನನ್ನೂ ಕರೆದುಕೊಂಡು ಹೋಗಿ. ಹಳೇ ಸೇಫ್ಟಿ ವಾಲ್ವ್‌ನ ಸ್ಪ್ರಿಂಗ್ ನಂಬಬೇಡಿ. ಹೊಸದು ಹಾಕಿಸಿ, ಹಳೆಯದನ್ನು ಪೆಟ್ಟಿಗೆಯಲ್ಲೇ ಇಟ್ಟಿರಿ.

ಮೊದಲ ಓಟಕ್ಕೆ ಹಿಂದೆ ನಾಲ್ಕು ಭಾರದ ಬೋಗಿ ಕಟ್ಟಿ. ಬರೀ ಎಂಜಿನ್ ಬಿಟ್ಟರೆ ತಿರುವಿನಲ್ಲಿ ಹಳಿ ತಪ್ಪಿ, ಉರಿಯೋ ಸ್ಪಿರಿಟ್ ಸಮೇತ ಉರುಳಬಹುದು. ಬಿಸಿಲಲ್ಲಿ ಸ್ಪಿರಿಟ್ ಜ್ವಾಲೆ ಕಣ್ಣಿಗೆ ಕಾಣೋದಿಲ್ಲ. ಸಂಜೆ ಹೊತ್ತು ಓಡಿಸಿ, ಪಕ್ಕದಲ್ಲಿ ಒದ್ದೆ ಟವೆಲ್ ಇರಲಿ.

ಪ್ರಶ್ನೆ: ಮೈಸೂರಿನಿಂದ ಬರೆಯುತ್ತಿದ್ದೇನೆ. ಅಕ್ಕನ ಮಗ ಬರ್ಮಿಂಗ್‌ಹ್ಯಾಮ್‌ನಿಂದ ಮೇಮಾಡ್ ಕಂಪನಿಯ ಆಟಿಕೆ ಉಗಿ ಎಂಜಿನ್ ತಂದುಕೊಟ್ಟಿದ್ದಾನೆ. ಅದಕ್ಕೆ ನಮ್ಮ ಬೋರ್‌ವೆಲ್ ನೀರು ಹಾಕಬಹುದಾ?

ಉತ್ತರ: ಬೇಡ. ಬಚ್ಚಲಮನೆಯ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತದೆ ಅಲ್ವಾ, ಅದೇ ಪದರ ಈ ಪುಟ್ಟ ಬಾಯ್ಲರ್‌ನಲ್ಲೂ ಕಟ್ಟುತ್ತದೆ. ಸಣ್ಣ ಉಗಿ ಕೊಳವೆಯಂತೂ ಬೇಗ ಮುಚ್ಚಿಹೋಗುತ್ತದೆ. ಮಳೆ ನೀರು ಒಳ್ಳೆಯದು. ಮುಂಗಾರಿನ ಮೊದಲ ಒಂದೆರಡು ಮಳೆ ತಾರಸಿ ತೊಳೆದುಕೊಂಡು ಹೋಗಲಿ. ಆಮೇಲೆ ಪಾತ್ರೆ ಇಟ್ಟು ಹಿಡಿದು, ಬಟ್ಟೆಯಲ್ಲಿ ಸೋಸಿ. ಒಂದು ಬಿಂದಿಗೆ ಸಿಕ್ಕರೆ ವರ್ಷ ಪೂರ್ತಿ ಓಡಿಸಬಹುದು.