ಗೈಡ್ ಮುಚ್ಚಿಟ್ಟು ಪ್ರಬಂಧ ಬರೆಸೋದು ಹೇಗೆ?

"ಮಗಳು ಎಂಟನೇ ಕ್ಲಾಸು. ಪ್ರಬಂಧ ಅಂದರೆ ಗೈಡ್ ನೋಡಿ ಬಾಯಿಪಾಠ ಮಾಡ್ತಾಳೆ. ವಿಷಯ ಸ್ವಲ್ಪ ಬದಲಾದರೂ ಪೆನ್ನು ಕಚ್ಚಿಕೊಂಡು ಕೂತುಬಿಡ್ತಾಳೆ. ಸ್ವಂತವಾಗಿ ಬರೆಸೋದು ಹೇಗೆ?" ಅಂತ ಕೇಳಿದ್ದೀರಿ.

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಈ ಬಾಯಿಪಾಠದ ಚಾಳಿಯಲ್ಲಿ ಮೇಷ್ಟ್ರುಗಳ ಪಾಲೇ ಜಾಸ್ತಿ. ಶುರುವಿನಲ್ಲಿ ನಾನೂ ಬೋರ್ಡಿನ ಮೇಲೆ ಪ್ರಬಂಧ ಬರೆದು ಕಾಪಿ ಮಾಡಿಸುತ್ತಿದ್ದೆ. ಪರೀಕ್ಷೆ ಆದಮೇಲೆ ತಿದ್ದಲು ಕೂತರೆ ಎಲ್ಲರದ್ದೂ ಒಂದೇ ಸಾಲು: "ಗ್ರಂಥಾಲಯವು ಜ್ಞಾನದ ಭಂಡಾರವಾಗಿದೆ". ಬೋರ್ಡಿನಲ್ಲಿ ನಾನು ಅವಸರದಲ್ಲಿ ಬಿಟ್ಟಿದ್ದ ಒಂದು ಒತ್ತಕ್ಷರವನ್ನೂ ಎಲ್ಲರೂ ನಿಷ್ಠೆಯಿಂದ ಬಿಟ್ಟಿದ್ದರು!

ಮುಂದಿನ ವರ್ಷ ಅದೇ ವಿಷಯ ಕೊಟ್ಟಾಗ ಒಬ್ಬ ಹುಡುಗನನ್ನು ಪಕ್ಕಕ್ಕೆ ಕರೆದೆ. "ನಿಮ್ಮೂರ ಲೈಬ್ರರಿಗೆ ಹೋಗಿದ್ದೀಯೇನೋ?" ಅಂದೆ. "ಹೋಗಿದೀನಿ ಸಾ. ಅಲ್ಲಿ ಬರೀ ತಾತಂದಿರೇ ಇರ್ತಾರೆ" ಅಂದ. ಏನು ಮಾಡ್ತಾರೆ ಅಂದರೆ, "ಬರೋದು ಒಂದೇ ಪೇಪರು ಸಾ. ಒಬ್ಬೊಬ್ಬರು ಒಂದೊಂದು ಹಾಳೆ ಹಂಚ್ಕೊಂಡು ಓದ್ತಾರೆ. ನಮ್ ತಾತ ಯಾವಾಗ್ಲೂ ಲೇಟಾಗಿ ಹೋಗೋದು, ಅವರಿಗೆ ಸಿನಿಮಾ ಪುಟಾನೇ ಸಿಗೋದು" ಅಂತ ನಕ್ಕ. ಇದನ್ನೇ ಬರಿ ಅಂದೆ. ಅವನಿಗೆ ನಂಬಿಕೆನೇ ಬರಲಿಲ್ಲ. "ಇದನ್ನೆಲ್ಲ ಪ್ರಬಂಧದಲ್ಲಿ ಬರೀಬೋದಾ ಸಾ?"

ಮಕ್ಕಳು ಕೂತುಬಿಡುವುದು ಇಲ್ಲೇ. ಅವರ ಹತ್ತಿರ ವಿಷಯ ಇರುತ್ತದೆ. ಆದರೆ ಅದು ಪ್ರಬಂಧಕ್ಕೆ ಲಾಯಕ್ಕಲ್ಲ ಅಂದುಕೊಂಡಿರುತ್ತಾರೆ. ನಾವು ಕೊಡುವ ವಿಷಯಗಳೂ ಹಾಗೇ ಇರುತ್ತವೆ ಅನ್ನಿ. ಗ್ರಂಥಾಲಯದ ಮಹತ್ವ, ರಾಷ್ಟ್ರೀಯ ಹಬ್ಬಗಳ ಮಹತ್ವ, ಸ್ವಚ್ಛತೆಯ ಮಹತ್ವ. ಹದಿಮೂರು ವರ್ಷದ ಮಗು ಮಹತ್ವದ ಬಗ್ಗೆ ಏನು ತಾನೇ ಹೇಳೀತು?

ಅದಕ್ಕೇ ಪೆನ್ನು ಹಿಡಿಸುವ ಮೊದಲು ಮಾತಾಡಿಸಿ. ನಿಮ್ಮ ಕೆಲಸ ಸುಮ್ನೆ ಕೇಳುವುದು. ಎಲ್ಲಿ ನೋಡಿದೆ? ಯಾರಿದ್ದರು? ಆಮೇಲೇನಾಯ್ತು? ಅವಳು ಹೇಳಿದ್ದನ್ನು ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದೊಂದೇ ಪದ ಗೀಚಿಕೊಳ್ಳಿ. ಹತ್ತು ಪದ ಆದರೆ ಸಾಕು, ಹಾಳೆ ಅವಳ ಕೈಗೆ ಕೊಡಿ. ಅಡುಗೆ ಮಾಡ್ತಾ ಮಾಡ್ತಾನೂ ಇದು ಆಗುತ್ತದೆ.

ಕಣ್ಣಾರೆ ನೋಡದ ವಿಷಯಕ್ಕೂ ಪ್ರಶ್ನೆಗಳು ಇವೇ. ಪರಿಸರದ ಪ್ರಬಂಧ ಅಂದರೆ ಸಾಲುಮರದ ತಿಮ್ಮಕ್ಕ ಬಂದೇ ಬರುತ್ತಾರೆ. "ಮರಗಳನ್ನು ಬೆಳೆಸಿ ನಾಡಿಗೆ ಮಾದರಿಯಾದರು" ಅಂತ ಬರೆದು ಮುಗಿಸುತ್ತಾರೆ. ಎಲ್ಲಿ ಬೆಳೆಸಿದರು ಅಂತ ಕೇಳಿ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ, ಸುಮಾರು ನಾಲ್ಕು ಕಿಲೋಮೀಟರ್. ಯಾವ ಮರ? ಆಲ. ನೀರು? ಗಂಡ ಹೆಂಡತಿ ಇಬ್ಬರೂ ಹೊತ್ತು ತಂದು ಹಾಕುತ್ತಿದ್ದರು. ದನ ತಿನ್ನಲಿಲ್ವಾ? ಮುಳ್ಳಿನ ಬೇಲಿ ಕಟ್ಟುತ್ತಿದ್ದರು. ಒಮ್ಮೆ ಒಬ್ಬ ಹುಡುಗಿ "ನಮ್ಮನೆ ಒಂದು ಕೊಡ ನೀರು ಬೋರ್‌ವೆಲ್ಲಿಂದ ತರೋಕೇ ನನಗೆ ಕೈ ನೋಯುತ್ತೆ" ಅಂತ ಅದೇ ಪ್ಯಾರಾದಲ್ಲಿ ಸೇರಿಸಿದ್ದಳು. ನಾನು ಹೇಳಿಕೊಟ್ಟಿದ್ದಲ್ಲ ಅದು.

ತಿದ್ದುವಾಗ ಕೆಂಪು ಪೆನ್ನಿಗೆ ಕಡಿವಾಣ ಹಾಕಿ. ನಮ್ಮ ಕಡೆ ಮಕ್ಕಳು ಹಾಲಿಗೆ ಆಲು ಅಂತಾರೆ, ಹಾಗೇ ಬರೀತಾರೆ. ಅಲ್ಪಪ್ರಾಣ, ಮಹಾಪ್ರಾಣದ ಗೋಳು ಬೇರೆ. ಎಲ್ಲಕ್ಕೂ ಸುತ್ತು ಹಾಕಿದರೆ ಮುಂದಿನ ಸಲ ಮಗು ತಪ್ಪಿಲ್ಲದೆ ಬರೆಯಲು ಬರುವ ಪದಗಳನ್ನಷ್ಟೇ ಬಳಸುತ್ತೆ. ನಾನು ವಾರಕ್ಕೆ ಒಂದೇ ಬಗೆಯ ತಪ್ಪು ಹಿಡಿಯುತ್ತೇನೆ. ಉದ್ದ ವಾಕ್ಯ ದಾರಿ ತಪ್ಪಿದ್ದರೆ ಜೋರಾಗಿ ಓದಿಸುತ್ತೇನೆ. ಉಸಿರು ಸಿಕ್ಕಿಹಾಕಿಕೊಂಡ ಕಡೆ ಅವರೇ ನಿಂತು, ತಲೆ ಕೆರೆದುಕೊಂಡು, ಎರಡು ವಾಕ್ಯ ಮಾಡುತ್ತಾರೆ.

ಪರೀಕ್ಷೆಯ ಭಯ ನಿಮಗೂ ಇರುತ್ತೆ ಅಲ್ವಾ? ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಇರಲೇಬೇಕು, ಅದನ್ನು ಬಿಡಿ ಅಂತ ನಾನು ಹೇಳಲ್ಲ. ಗಾದೆಯನ್ನೋ ವಚನದ ಸಾಲನ್ನೋ ಕಲಿತಿದ್ದರೆ ಹಾಕಲಿ, ಒಂದು ಸಾಕು. ಆದರೆ ಪೀಠಿಕೆಯನ್ನು ಮೊದಲು ಬರೆಸಬೇಡಿ. ಏನು ಹೇಳುತ್ತೇನೆ ಅಂತ ತನಗೇ ಗೊತ್ತಿಲ್ಲದಾಗ ಮಗು ಗೈಡಿನ ಸಾಲಿಗೇ ಕೈ ಹಾಕುತ್ತೆ. ಮೇಲೆ ನಾಲ್ಕು ಗೆರೆ ಖಾಲಿ ಬಿಟ್ಟು ನಡುವಿನಿಂದ ಶುರು ಮಾಡಲಿ, ಕೊನೆಗೆ ಬಂದು ತುಂಬಲಿ. ನಾಲ್ಕರಲ್ಲಿ ಎರಡೇ ಗೆರೆ ತುಂಬಿದರೂ ಪರವಾಗಿಲ್ಲ. ಖಾಲಿ ಗೆರೆಗೆ ನಾನಂತೂ ಇವತ್ತಿನವರೆಗೆ ಅಂಕ ಕಳೆದಿಲ್ಲ.