ಜೇಡಿಮಣ್ಣಿನ ಲೀಚ್ ದ್ರಾವಣ ಸೋಸಲು ಯಾವ ವ್ಯಾಕ್ಯೂಮ್ ಪಂಪ್ ಕೊಳ್ಳಲಿ?

ಯಾವುದನ್ನೂ ಕೊಳ್ಳಬೇಡಿ. ಸುಟ್ಟ ಕೇಯೊಲಿನ್ (ಬಿಳಿ ಜೇಡಿಮಣ್ಣು) ಅನ್ನು ಲೀಚ್ ಮಾಡಲು, ಅಂದರೆ ಅದರಲ್ಲಿನ ಅಲ್ಯುಮಿನಿಯಂ ಕರಗಿಸಿ ತೆಗೆಯಲು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಯಿಸಿದ್ದೀರಿ, ತೂತುಗಳ ತಳದ ಮೇಲೆ ಪೇಪರ್ ಹಾಸಿ ಎಳೆತದಿಂದ ಸೋಸುವ ಬುಕ್ನರ್ ಫನಲ್‌ನಿಂದ ಹನಿ ಇಳಿಯುತ್ತಿಲ್ಲ ಅಂದಿರಿ. ಬೆಂಗಳೂರಿನಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವಾಗ ನಾನು ಪಟ್ಟಿದ್ದೂ ಇದೇ ಪಾಡು.

ನಮ್ಮ ಲ್ಯಾಬಿನಲ್ಲಿ ನಲ್ಲಿಗೆ ಸಿಕ್ಕಿಸುವ, ನೀರಿನ ರಭಸದಿಂದಲೇ ಗಾಳಿ ಎಳೆಯುವ ಆಸ್ಪಿರೇಟರ್ ಇತ್ತು. ಬೇಸಿಗೆ ಬೇರೆ, ಮಧ್ಯಾಹ್ನವಾದರೆ ನಲ್ಲಿಯಲ್ಲಿ ನೀರಿನ ರಭಸವೇ ಇರುತ್ತಿರಲಿಲ್ಲ. ಎಳೆತ ಸಾಲದು ಅಂದುಕೊಂಡು ಪೀಣ್ಯದ ಪರಿಚಯದವರೊಬ್ಬರಿಂದ ಪಂಪ್ ತಂದೆವು. ಸ್ವಿಚ್ ಹಾಕಿದಾಗ ಒಂದಿಷ್ಟು ಹಳದಿ ದ್ರಾವಣ ಸರ್ರನೆ ಇಳಿಯಿತು, ಆಮೇಲೆ ಪೂರ್ತಿ ನಿಂತಿತು. ಸ್ಪ್ಯಾಚುಲಾದಲ್ಲಿ ಕೆರೆದು ನೋಡಿದರೆ ಪೇಪರಿನ ಮೇಲೆ ಗಂಜಿಯ ಕೆನೆಯಂಥ ತೆಳು ಪೊರೆ. ಅದರ ಮೇಲಿದ್ದ ಬಗ್ಗಡ ಇದ್ದ ಹಾಗೇ ಇತ್ತು. ಆ ಪೊರೆ ಮಣ್ಣಿನಲ್ಲಿ ಆಮ್ಲಕ್ಕೆ ಕರಗದೆ ಉಳಿದ ಸಿಲಿಕಾ; ಎಳೆತ ಹೆಚ್ಚಿದಷ್ಟೂ ಅದು ಒತ್ತಿಕೊಂಡು ಬಿಗಿಯಾಗುತ್ತದೆ. ಮೇಲಾಗಿ ಬಿಸಿ ಆಮ್ಲದ ಹಬೆ ಪಂಪಿನ ಒಳಗನ್ನೇ ತಿನ್ನುತ್ತದೆ.

ಕೆಟ್ಟಿದ್ದು ಸೋಸುವ ಹಂತದಲ್ಲಲ್ಲ, ಅದಕ್ಕೂ ಮೊದಲು, ಒರಳಿನಲ್ಲಿ. ಬೇಗ ಕರಗಲಿ ಎಂದು ಮಣ್ಣನ್ನು ನುಣ್ಣಗೆ ಅರೆದು, ಬಲು ಸಣ್ಣ ಕಣ್ಣಿನ 200 ಮೆಶ್ ಜರಡಿ ಹಿಡಿದು, ಆಮೇಲೆ ಸುಟ್ಟಿದ್ದೆವು. ಅದರ ಅಗತ್ಯವೇ ಇರಲಿಲ್ಲ. ಕೇಯೊಲಿನ್‌ನ ಕಣ ಹುಟ್ಟಾ ಮೈಕ್ರಾನ್ ಗಾತ್ರದ್ದು. ಮಣ್ಣನ್ನು ಕಾಳಿನಂತೆ ಕಟ್ಟಿ ಸುಟ್ಟ ಹರಳಿನಲ್ಲಿ ಸಣ್ಣ ರಂಧ್ರಗಳಿರುತ್ತವೆ, ಆಮ್ಲ ತಾನಾಗಿ ಒಳಗಿಳಿಯುತ್ತದೆ. ಅಲ್ಯುಮಿನಿಯಂ ಕರಗಿ ಹೋದ ಮೇಲೂ ಸಿಲಿಕಾ ಮೊದಲಿದ್ದ ಆಕಾರವನ್ನೇ ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಹರಳು ಹಾಕಿದರೆ ಮರಳಿನಂಥ ಗಷ್ಟು, ಹಿಟ್ಟು ಹಾಕಿದರೆ ಲೋಳೆ. ಸಾಲದ್ದಕ್ಕೆ ಮ್ಯಾಗ್ನೆಟಿಕ್ ಸ್ಟರರ್ ಅನ್ನು ರಾತ್ರಿಯಿಡೀ ಜೋರಾಗಿ ಓಡಿಸಿ, ಉಳಿದಿದ್ದ ಕಾಳನ್ನೂ ಪುಡಿ ಮಾಡಿದ್ದೆವು.

ಹಾಗಾಗಿ ಮಣ್ಣನ್ನು ನೀರಲ್ಲಿ ಕಲಸಿ, ಸಾಸಿವೆಗಿಂತ ತುಸು ದಪ್ಪನೆಯ ಹರಳು ಕಟ್ಟಿ, ಚೆನ್ನಾಗಿ ಒಣಗಿಸಿ, 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಡಿ. 950 ದಾಟಿಸಿದರೆ ಮಣ್ಣಿನ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಸುಡದೆ ಹಾಕಿದರೂ ಅಷ್ಟೇ. ಲೀಚ್ ಮಾಡುವಾಗ ಹರಳು ತೇಲಾಡುವಷ್ಟು ಮಾತ್ರ ನಿಧಾನವಾಗಿ ತಿರುವಿ. ಆಮೇಲೆ ಬಿಸಿಯಾಗಿಯೇ ಸ್ವಲ್ಪ ಹೊತ್ತು ಬಿಟ್ಟು ತಿಳಿಯನ್ನು ಬಸಿದುಕೊಳ್ಳಿ. ಫಿಲ್ಟರಿಗೆ ತಳದ ಗಷ್ಟು ಮಾತ್ರ ಹೋಗಲಿ. ಗಷ್ಟು ತೊಳೆಯಲು ಬರೀ ನೀರು ಬೇಡ, ಒಂದಿಷ್ಟು ಆಮ್ಲ ಬೆರೆಸಿದ ಬಿಸಿನೀರು ಬಳಸಿ. ಆಮ್ಲತೆ ತೀರಾ ಇಳಿದರೆ ಕರಗಿದ್ದ ಕಬ್ಬಿಣ ಹೈಡ್ರಾಕ್ಸೈಡ್ ಆಗಿ ಕೂರುತ್ತದೆ, ಕರಗಿದ್ದ ಸಿಲಿಕಾ ಜೆಲ್ ಕಟ್ಟುತ್ತದೆ.

ಸಲ್ಫ್ಯೂರಿಕ್ ಆಮ್ಲಕ್ಕೆ ಬದಲಾಯಿಸಲೇ ಎಂದೂ ಕೇಳಿದ್ದೀರಿ. ನನ್ನ ಮಟ್ಟಿಗೆ ಬೇಡವೇ ಬೇಡ. ಗಾಢ ದ್ರಾವಣ ತಣ್ಣಗಾದರೆ ಅಲ್ಯುಮಿನಿಯಂ ಸಲ್ಫೇಟ್ ಹರಳುಗಟ್ಟಿ ಫನಲ್‌ನ ತೂತುಗಳನ್ನೇ ಮುಚ್ಚುತ್ತದೆ.

ಈಗಾಗಲೇ ಲೋಳೆಯಾಗಿರುವ ಬ್ಯಾಚ್ ಚೆಲ್ಲಬೇಡಿ. ಆಮ್ಲದಲ್ಲಿ ತೊಳೆದ ಡಯಾಟಮೈಟ್ ಪುಡಿಯನ್ನು (ಸೋಸಲು ನೆರವಾಗುವ, ರಂಧ್ರಗಳಿರುವ ಸಿಲಿಕಾ ಪುಡಿ) ಪೇಪರಿನ ಮೇಲೆ ತೆಳ್ಳಗೆ ಹಾಸಿ, ಇನ್ನೊಂದಿಷ್ಟನ್ನು ಬಗ್ಗಡಕ್ಕೇ ಬೆರೆಸಿ, ಕಡಿಮೆ ಎಳೆತದಲ್ಲಿ ಸೋಸಿ. ನಿಧಾನವಾದರೂ ಇಳಿಯುತ್ತದೆ.