ಕಾಲು ವಖಾರಿ ಕಡೆಗೇ ತಿರುಗಿದರೆ

ಪತ್ರ: “22 ವರ್ಷ ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಚಾಲಿ (ಬಿಸಿಲಿಗೆ ಒಣಗಿಸಿದ ಅಡಿಕೆ), ರಾಶಿ, ಬೆಟ್ಟೆ (ಬೇಯಿಸಿ ಒಣಗಿಸಿದ ಕೆಂಪಡಿಕೆಯ ಬಗೆಗಳು) ನೋಡಿ ದರ್ಜೆ ಹೇಳುವ ಕೆಲಸ ಮಾಡಿದೆ. ವಯಸ್ಸಾಯಿತೆಂದು ಮಾಲೀಕರು ಮುಂದಿನ ತಿಂಗಳು ವ್ಯಾಪಾರ ನಿಲ್ಲಿಸುತ್ತಾರೆ. ಕುಮಟಾದ ಗೇರುಬೀಜ ಕಾರ್ಖಾನೆಯಲ್ಲಿ ಮಾಲು ಪರೀಕ್ಷೆಯ ಕೆಲಸ ಸಿಕ್ಕಿದೆ, ಸಂಬಳವೂ ತುಸು ಹೆಚ್ಚು. ಆದರೂ ರಜೆಯ ದಿನ ಕೂಡ ಕಾಲು ವಖಾರಿ ಕಡೆಗೇ ತಿರುಗುತ್ತದೆ. ಇದು ದೌರ್ಬಲ್ಯವೇ?”
(ಓದುಗರೊಬ್ಬರು, ಶಿರಸಿ)

ಉತ್ತರ: ಅಲ್ಲ. ಪತ್ರದಲ್ಲಿ ನನಗೆ ಹಿಡಿಸದ್ದು ‘ದೌರ್ಬಲ್ಯ’ ಎಂಬ ಆ ಒಂದೇ ಶಬ್ದ. ಸಂಬಳ ಎಲ್ಲಿ ಹೆಚ್ಚೋ ಅಲ್ಲಿಗೆ ಹೋಗಬೇಕು, ಗೋಡೆಗೆ ಅಂಟಿಕೊಂಡರೆ ಹೊಟ್ಟೆ ತುಂಬುವುದಿಲ್ಲ ಎನ್ನುವವರ ಮಾತೂ ಸುಳ್ಳಲ್ಲ. ನೀವು ಕುಮಟಾಕ್ಕೆ ಹೋಗಬೇಕು, ಹೋಗಿ. ಆದರೆ 22 ವರ್ಷ ನಡೆದ ದಾರಿಯನ್ನು ಕಾಲು ಮರೆಯಲಿಲ್ಲವೆಂದು ನಾಚಿಕೊಳ್ಳುವುದು ಬೇಡ.

ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಊರಿನಲ್ಲಿ 1930ರ ಹೊತ್ತಿಗೆ ಬಟ್ಟೆಯ ಗಿರಣಿ ಮುಚ್ಚಿತು. ಸಮಾಜ ಮನೋವಿಜ್ಞಾನಿ ಮರಿ ಯಹೋಡಾ ಮತ್ತು ಸಂಗಡಿಗರು ಅಲ್ಲಿ ಕೂತು ಅಧ್ಯಯನ ಮಾಡಿದರು, ಜನ ರಸ್ತೆಯಲ್ಲಿ ನಡೆಯುವ ವೇಗವನ್ನೂ ಬಿಡದೆ ಅಳೆದರು. ಕೆಲಸ ಕಳೆದುಕೊಂಡ ಗಂಡಸರ ನಡಿಗೆ ನಿಧಾನವಾಗಿತ್ತು, ನಡುನಡುವೆ ನಿಂತುಬಿಡುತ್ತಿದ್ದರು. ಕೈತುಂಬ ಬಿಡುವಿದ್ದರೂ ಗ್ರಂಥಾಲಯದಿಂದ ಒಯ್ಯುವ ಪುಸ್ತಕ ಕಡಿಮೆಯಾಯಿತು. ಮನೆಗೆಲಸ ತಪ್ಪದ ಹೆಂಗಸರು ಮಾತ್ರ ಮೊದಲಿನಂತೆ ಸರಸರ ನಡೆಯುತ್ತಿದ್ದರು. ದಿನಕ್ಕೊಂದು ಕಟ್ಟು, ನಾಲ್ಕು ಜನರ ಒಡನಾಟ, ‘ಇವರು ಇಂಥ ಕೆಲಸದವರು’ ಎಂಬ ಹೆಸರು, ಇವನ್ನೂ ದುಡಿಮೆಯೇ ಕೊಡುತ್ತದೆ ಎಂದು ಯಹೋಡಾ ಮುಂದೆ ಬರೆದರು. ಹಾಗಾಗಿ ಎರಡು ಕೆಲಸಗಳ ನಡುವೆ ತಿಂಗಳುಗಟ್ಟಲೆ ಖಾಲಿ ಕೂರಬೇಡಿ. ಬಿಡುವು ಸಿಕ್ಕರೂ ಏಳುವ ಹೊತ್ತು, ಹೊರಡುವ ಹೊತ್ತು ಬದಲಿಸಬೇಡಿ.

ಈಗ ತುರ್ತಿನ ಮಾತು. ಬಾಗಿಲು ಹಾಕುವ ಮೊದಲೇ ಮಾಲೀಕರ ಸಹಿ ಬೇಕಾದ ಕೆಲಸಗಳನ್ನೆಲ್ಲ ಮುಗಿಸಿಕೊಳ್ಳಿ. ಪಿಎಫ್ ಕಡಿತವಾಗುತ್ತಿದ್ದರೆ ಆಧಾರ್ ಕಾರ್ಡಿನಲ್ಲಿರುವ ಹೆಸರು, ಹುಟ್ಟಿದ ದಿನಾಂಕ ಪಿಎಫ್ ದಾಖಲೆಗೆ ತಾಳೆಯಾಗುತ್ತವೆಯೇ ನೋಡಿ. ನಮ್ಮ ಕಡೆ ಹೆಸರಿನ ಮುಂದಿನ ಅಕ್ಷರ ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಬಿಡಿಸದೆ ಬರೆದಿರುತ್ತಾರೆ, ಹಣ ಸಿಕ್ಕಿಬೀಳುವುದು ಅಲ್ಲಿಯೇ. ಸಂಸ್ಥೆ ಮುಚ್ಚಿದ ಮೇಲೆ ತಿದ್ದುಪಡಿಗೆ ಸಹಿ ಹಾಕುವವರನ್ನು ಹುಡುಕುವುದು ದೊಡ್ಡ ಪಾಡು. ಕೆಲಸ ಬಿಟ್ಟ ದಿನಾಂಕವನ್ನೂ ಅವರಿಂದಲೇ ನಮೂದು ಮಾಡಿಸಿ. ದುಡ್ಡು ತೆಗೆಯಬೇಡಿ, ಅದೇ ಪಿಎಫ್ ಗುರುತು ಸಂಖ್ಯೆಯಲ್ಲಿ (ಯುಎಎನ್) ಹೊಸ ಕಡೆಗೆ ವರ್ಗಾಯಿಸಿ.

ಹತ್ತು ಅಥವಾ ಹೆಚ್ಚು ಜನ ದುಡಿದ ಜಾಗವಾದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಸೇವೆಗೆಂದು ಕೊಡಬೇಕಾದ ಹಣ, ನಿಮ್ಮ ಹಕ್ಕು. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿ. 18,000 ರೂಪಾಯಿ ಇದ್ದರೆ 22 ವರ್ಷಕ್ಕೆ ಸುಮಾರು 2,28,461 ರೂಪಾಯಿ. ‘ಮನೆಯವರಂತೆ ನೋಡಿಕೊಂಡಿದ್ದಾರೆ, ಹೇಗೆ ಕೇಳುವುದು’ ಎಂಬ ಸಂಕೋಚ ನಿಮಗೆ ಬಂದೇ ಬರುತ್ತದೆ. ಪ್ರೀತಿ ಇದ್ದಲ್ಲಿ ಲೆಕ್ಕ ಇನ್ನೂ ಚೊಕ್ಕವಿರಬೇಕು. ಕೇಳಿ.

ಅನುಭವ ಪತ್ರದಲ್ಲಿ ‘22 ವರ್ಷ ಪ್ರಾಮಾಣಿಕವಾಗಿ ದುಡಿದಿದ್ದಾರೆ’ ಎಂದು ಒಂದೇ ಸಾಲು ಬರೆಸಿಕೊಂಡು ಬರಬೇಡಿ. ನಿಮ್ಮ ಕೈಗೆ ಗೊತ್ತಿರುವುದು ಅದರಲ್ಲಿ ಬರಲಿ. ಚಾಲಿಯನ್ನು ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ ತಿರುಳಿನ ನಡುವೆ ಬೂಷ್ಟು ಹಿಡಿದಿದೆಯೇ ಎಂದು ನೋಡುವುದು. ಆ ಬೂಷ್ಟು ಕಂಡರೆ 40-45 ದಿನದ ಬಿಸಿಲು ಪೂರ್ತಿ ಆಗಿಲ್ಲ, ಅಥವಾ ಒಣಗುವಾಗ ಮಳೆಯ ಪಸೆ ತಾಗಿದೆ ಎಂದು ಹೇಳುವುದು. ರಾಶಿ ಅಡಿಕೆಯ ಬಣ್ಣ ನೋಡಿ ತೊಗರು (ಅಡಿಕೆ ಬೇಯಿಸಿದ ರಸ) ಸರಿಯಾಗಿ ಹತ್ತಿದೆಯೋ ಇಲ್ಲವೋ ತಿಳಿಯುವುದು. ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಎಲ್ಲರೂ ಅಡಿಕೆಯನ್ನು ಕೊಂಡಾಡಿದರು. ಅದನ್ನು ಆರಿಸುವ ಕೈಗಳ ಸುದ್ದಿ ಎಷ್ಟು ಜನ ಎತ್ತಿದರು?

ಈ ಜಿಲ್ಲೆಯ ಹಳೆಯ ಹುಣ್ಣು ಇದು. ಕಾಳಿ ನದಿಗೆ ಅಣೆಕಟ್ಟು ಬಂದು ಸೂಪಾ ಪೇಟೆಯೇ ನೀರಿನಡಿ ಹೋಯಿತು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ ಕಡಲಂಚಿನ ಊರುಗಳು ಖಾಲಿಯಾದವು. ಪರಿಹಾರದ ಮಾತೆಲ್ಲ ಗುಂಟೆ, ಮನೆ, ಮರಗಳ ಮೇಲೇ ನಡೆಯಿತು. ನೀರಿನ ಬಣ್ಣ ನೋಡಿ ಬಲೆ ಬಿಡುತ್ತಿದ್ದವನ ಕಣ್ಣಿಗೆ ಯಾವ ಕಚೇರಿಯಲ್ಲೂ ಕಾಲಂ ಇರಲಿಲ್ಲ. ಈಗ ಒಂದು ಶಾಲು, ಒಂದು ಬುಟ್ಟಿ ಹಣ್ಣು ಕೊಟ್ಟು ಹತ್ತು ನಿಮಿಷದಲ್ಲಿ ಬೀಳ್ಕೊಡುವವರೂ ಅದೇ ರೂಢಿಯವರು. ಉಳಿದ ದಿನಗಳಲ್ಲಿ ವಖಾರಿಯ ಎಳೆಯ ಹುಡುಗನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ದರ್ಜೆಯ ಎರಡು ಬೊಗಸೆ ಅಡಿಕೆ ಹರವಿ ತೋರಿಸಿ. ಅವನು ಮುಂದೆ ಯಾವ ವಖಾರಿಗೆ ಹೋದರೂ ಅದು ಅವನ ಜೊತೆಗಿರುತ್ತದೆ.

ದೇವಿಮನೆ ಘಾಟಿ ಇಳಿದ ಮೇಲೆ ನಿಮಗೆ ಕಾದಿರುವುದೂ ಹೋಳು ಮಾಡುವ ಕೆಲಸವೇ. ಹಸಿ ಗೇರುಬೀಜ 1 ಕಿಲೊ ತೂಗಿ, ಎಣಿಸಿ, ಒಂದೊಂದನ್ನೂ ಸೀಳಿ ಒಳ್ಳೆಯ ತಿರುಳನ್ನು ಬೇರೆ ತೂಗುತ್ತಾರೆ. ಅರೆಬಲಿತ, ಚುಕ್ಕೆ ಬಿದ್ದ ತಿರುಳಿನ ಅರ್ಧ ತೂಕವನ್ನಷ್ಟೇ ಸೇರಿಸುತ್ತಾರೆ. 270 ಗ್ರಾಂ ಬಂದರೆ 80ರಿಂದ ಗುಣಿಸಿ 453.6ರಿಂದ ಭಾಗಿಸಿ: 80 ಕಿಲೊ ಚೀಲಕ್ಕೆ 47.6 ಪೌಂಡ್ ಇಳುವರಿ. ‘320’ ಎಂಬ ದರ್ಜೆಯೆಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ಗೋಡಂಬಿ. ಒಂದು ಕಡೆ ಮಾತ್ರ ನಿಮ್ಮ ಅಡಿಕೆಯ ಅಭ್ಯಾಸ ಮೋಸ ಮಾಡೀತು. ಚಾಲಿ ಒಣಗಿದಷ್ಟೂ ನಿಮಗೆ ಸಮಾಧಾನ. ಗೋಡಂಬಿ ಅತಿಯಾಗಿ ಒಣಗಿದರೆ ಸಿಪ್ಪೆ ಬಿಡಿಸುವಾಗ ಹೋಳಾಗಿ ಬೆಲೆ ಬೀಳುತ್ತದೆ. ಹಾಗೆಂದು ತೇವ 5 ಶೇಕಡಾ ದಾಟಿದರೆ ಕಡಲ ಗಾಳಿಯ ಮಳೆಗಾಲದಲ್ಲಿ ಹುಳ ಬೀಳುತ್ತದೆ. ಮೊದಲ ತಿಂಗಳು ಕೈಯಂದಾಜನ್ನು ನಂಬದೆ ತೇವಮಾಪಕದಲ್ಲಿ ನೋಡಿಯೇ ಚೀಲ ಒಪ್ಪಿಕೊಳ್ಳಿ.